ತಿಳಿ

ಕಾಲುವೆಗೆ ನೀರು ಬಿಟ್ಟ ವಾರ ಸಿಂಧನೂರಿನಲ್ಲಿ
ನಮ್ಮ ಕೊಡಗಳಿಗೆಲ್ಲ ಚಹದ ಬಣ್ಣ.
ಅವ್ವ ಪಟಕದ ಕಲ್ಲನ್ನು ನೀರಿಗಿಳಿಸಿ
ಮೂರು ಸುತ್ತು ತಿರುವಿ ಸುಮ್ಮನೆ ಕೂರುತ್ತಿದ್ದಳು.
ಕಣ್ಣಿಗೆ ಕಾಣದ ಮಣ್ಣು ಒಂದನ್ನೊಂದು ಹುಡುಕಿ, ಹಿಡಿದು,
ಭಾರವಾಗಿ, ತಳಕ್ಕೆ.
ಮೇಲೆ ತಿಳಿ.

ಅಂಥದೇ ಇನ್ನೊಂದು ಕಲ್ಲು ಅಪ್ಪನ ಅಂಗಡಿಯಲ್ಲಿ,
ಬಸ್ ಸ್ಟ್ಯಾಂಡಿನ ಹಿಂದೆ, ಎರಡು ಕನ್ನಡಿ, ಒಂದು ಕುರ್ಚಿ.
ಕತ್ತಿ ಕೊಂಚ ಜಾರಿದರೆ ಗದ್ದಕ್ಕೆ ಒತ್ತುತ್ತಿದ್ದ;
ಗಿರಾಕಿ ಉಸ್ಸೆನ್ನುವಷ್ಟರಲ್ಲಿ ಕೆಂಪು ನಿಲ್ಲುತ್ತಿತ್ತು.
ಹಡಪದ ಅಂಬಣ್ಣನ ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ನನ್ನ ಕೆಲಸವೂ ಅದೇ ಎಂದರೆ ಅಪ್ಪ ನಂಬಲಿಲ್ಲ.
ರಾಯಚೂರು, ಆಸ್ಪತ್ರೆಯ ಮೂರನೇ ಅಂತಸ್ತು;
ಹೊರಗೆ ನಲವತ್ಮೂರು ಡಿಗ್ರಿ, ಯಂತ್ರದೊಳಗೆ ಮೂವತ್ತೇಳು.
ಕೆಂಪನ್ನೆಲ್ಲ ಕೆಳಗೆ ಕೂರಿಸಿ ಮೇಲಿನದನ್ನು ಎತ್ತಿಕೊಳ್ಳುತ್ತೇನೆ,
ಅಕ್ಕಿ ತೊಳೆದ ನೀರಿನಂಥ ಮಬ್ಬು.
ಅದರ ತುಂಬ ಪ್ಲೇಟ್‌ಲೆಟ್ಟು,
ಒಡಲಲ್ಲಿ ಬೀಜವಿಲ್ಲದ, ಹತ್ತು ದಿನ ಬಾಳುವ ಬಿಲ್ಲೆಗಳು.
ಗಾಜು ಮುಟ್ಟಿಸಿದರೆ ಅಂಟಿಕೊಂಡು ಹಟ,
ಫ್ರಿಜ್ಜಿನಲ್ಲಿಟ್ಟರೆ ಮುನಿಸು.
ಬೆಳಕಿನೆದುರು ನಿಲ್ಲಿಸಿ ಒಂದು ಹನಿ ಮದ್ದು ಬಿಟ್ಟೆನೋ,
ಎಲ್ಲೋ ಗಾಯವಾಯಿತೆಂದು ಮೋಸಹೋಗಿ
ತೋಳು ಚಾಚಿ ಗುಂಪುಗೂಡುತ್ತವೆ.
ಮಬ್ಬು ಹರಿದು ಬೆಳಕು ಆಚೆ ದಾಟುತ್ತದೆ,
ಕಾಗದದ ಮೇಲೆ ಗೆರೆ ಗುಡ್ಡ ಹತ್ತುತ್ತದೆ.

ಹುಸೇನಮ್ಮನ ಗೆರೆ ಹತ್ತಲಿಲ್ಲ.
ತುರವಿಹಾಳದ ಹುಡುಗಿ, ಒಂಬತ್ತು ವರ್ಷ,
ಹಲ್ಲು ಬಿದ್ದಾಗ ಮೂರು ದಿನ ಸೋರಿದವಳು.
ಐದು ಆಸ್ಪತ್ರೆಯ ಚೀಟಿ. ಐದರಲ್ಲೂ: ಲೆಕ್ಕ ಸರಿ ಇದೆ.
ಸರಿಯೇ. ಎರಡೂವರೆ ಲಕ್ಷ.
ಇರಬೇಕಾದವೆಲ್ಲ ಇವೆ, ಹಿಡಿಯುವ ಕೊಕ್ಕೆಯೊಂದಿಲ್ಲ.
ನಿನ್ನನ್ನು ಯಾರಿಗೆ ಕೊಟ್ಟರು, ತಾಯಿಯನ್ನು ಕೇಳಿದೆ.
"ನಮ್ಮ ಸೋದರಮಾವಗ್ರೀ. ಸಂಬಂಧ ಬಿಟ್ಟು ಹೋಗಬಾರದಂತ."
ಬರೆದುಕೊಂಡೆ.

ಹೋಲಿಸಲಿಕ್ಕೆ ಒಂದು ಸರಿಯಾದ ರಕ್ತ ಬೇಕು.
ಅಪ್ಪ ಅಂಗಿ ತೋಳು ಮಡಚಿದ, "ನನ್ನದಕ್ಕೇನಾಗೈತಿ, ತಗೋ."
ಅವನ ಗೆರೆಯೂ, ಒಂದು ಮದ್ದಿಗೆ, ಮಲಗಿತು.
ಮತ್ತೆ ಮಾಡಿದೆ. ಮಲಗಿಯೇ ಇತ್ತು.
ಏನು ನುಂಗಿದ್ದಿ ಅಪ್ಪಾ?
"ಏನಿಲ್ಲಬೇ. ಮೊನ್ನೆ ತಲಿ ಹಿಡದಿತ್ತು,
ಕಿರಾಣಿ ಅಂಗಡ್ಯಾಗ ಒಂದು ಗುಳಿಗಿ..."

ಒಂದು ಗುಳಿಗೆ.
ಬಿಲ್ಲೆಗೆ ಮರೆವಿಲ್ಲ. ಒಮ್ಮೆ ಬಾಯಿ ಕಟ್ಟಿಸಿಕೊಂಡದ್ದು
ಸಾಯುವತನಕ ತೆರೆಯುವುದಿಲ್ಲ,
ಹೊಸವು ಹುಟ್ಟಿ ಬರಬೇಕು.
ಆ ದಿನದ ಕಾಗದಕ್ಕೆಲ್ಲ ಅಡ್ಡಗೀಟು ಎಳೆದೆ.
ಅಂದರೆ ಹುಸೇನಮ್ಮನಿಗೆ ಇನ್ನೊಂದು ಸೂಜಿ.
ಬೇರೆಯವರಿಗಾದರೆ ಹತ್ತಿ ಒತ್ತಿ ನೂರು ಎಣಿಸಿದರೆ ಸಾಕು.
ಅವಳಿಗೆ ಮುಕ್ಕಾಲು ತಾಸು.

ಹದಿನಾಲ್ಕು ದಿನ ಅಪ್ಪ ತಲೆಗೆ ಟವಲು ಬಿಗಿದು ತಿರುಗಿದ.
ಹದಿನೈದಕ್ಕೆ ಅವನ ಗೆರೆ ಗುಡ್ಡ ಹತ್ತಿತು,
ಅವಳದು ಮಲಗಿತು, ಈಗ ನಂಬಬಹುದಾದ ಹಾಗೆ.
ರೋಗದ ಹೆಸರು ಬರೆದು ಸಹಿ ಹಾಕಿದೆ.
ಹೆಸರಿಗೆ ನೆತ್ತರು ನಿಲ್ಲುವುದಿಲ್ಲ;
ಮುಂದಿನ ಹಲ್ಲು ಅಲುಗಾಡುವ ಮೊದಲೇ
ಯಾರದೋ ಬಿಲ್ಲೆಗಳು ಚೀಲದಲ್ಲಿ ಕಾದಿರಬಹುದು, ಅಷ್ಟೇ.

ಪಕ್ಕದ ಕೋಣೆಗೆ ಬಂದರೆ
ನರ್ಸಮ್ಮನನ್ನು ಎಬ್ಬಿಸಿ ಅವಳ ಸ್ಟೂಲಿನ ಮೇಲೆ ಅಪ್ಪ.
ಹುಡುಗಿಯ ಮೊಣಕೈ ಮಡಿಕೆಯಲ್ಲಿ ಅವನ ಹೆಬ್ಬೆರಳು,
ನಲವತ್ತು ವರ್ಷ ಗದ್ದ ಹಿಡಿದು ಅಲುಗದಿರಲು ಕಲಿತದ್ದು.
ಅರ್ಧ ಮೀಸೆಯಲ್ಲೇ ಎದ್ದು ಬಸ್ಸು ಹತ್ತಿದ
ಯಾವನೋ ಸಾಹುಕಾರನ ಕಥೆ ನಡೆದಿದೆ.
"ನಗಬ್ಯಾಡ ಸುಮ್ನಿರು, ಕೈ ಅಳ್ಳಾಡತೈತಿ."
ಅವನ ಕಿಸೆಯಿಂದ ಪಟಕದ ಕಲ್ಲು ಇಣುಕುತ್ತಿತ್ತು.
ತಂದಿದ್ದ. ಹೊರಗೆ ತೆಗೆದಿರಲಿಲ್ಲ.

ಗಡಿಯಾರ ನೋಡಿದೆ.
ಇನ್ನೂ ಇಪ್ಪತ್ತೈದು ನಿಮಿಷ.